ಫೇಸ್ ಎಣಿಸಿ ಬೋರ್ಡ್ ಕೊಳ್ಳಬೇಡಿ: ಓವರ್‌ಕ್ಲಾಕಿಂಗ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಎರಡು ದುಬಾರಿ ಮದರ್‌ಬೋರ್ಡ್ ನೋಡಿಟ್ಟಿದ್ದೇನೆ. ಒಂದರ ಡಬ್ಬದ ಮೇಲೆ ‘16+1+2’ ಫೇಸ್, ಇನ್ನೊಂದರ ಮೇಲೆ ‘24+1+2’ ಎಂದಿದೆ. ಓವರ್‌ಕ್ಲಾಕಿಂಗ್‌ಗೆ (ಪ್ರೊಸೆಸರ್, ಮೆಮೊರಿಗಳನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ) ಎರಡನೆಯದೇ ವಾಸಿ ತಾನೇ?

ಉತ್ತರ: ಡಬ್ಬ ನೋಡಿ ಹಾಗೆ ಹೇಳಲು ಬರುವುದಿಲ್ಲ. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್‌ಗೆ ವಿದ್ಯುತ್ತನ್ನು ಇಳಿಸಿಕೊಡುವ ಭಾಗವೇ ವಿಆರ್‌ಎಂ. ಅದರಲ್ಲಿ ಸರದಿಯಂತೆ ಕೆಲಸ ಮಾಡುವ ಒಂದೊಂದು ಸಾಲು ಒಂದು ಫೇಸ್, ಕರೆಂಟ್ ಹೊರುವ ಚಿಪ್ ಪವರ್ ಸ್ಟೇಜ್. ಮೊದಲ ಸಂಖ್ಯೆ ಪ್ರೊಸೆಸರ್ ಕೋರ್‌ಗಳಿಗೆ ವಿದ್ಯುತ್ ಕೊಡುವ ಪವರ್ ಸ್ಟೇಜ್‌ಗಳದ್ದು. ಉಳಿದವು ಗ್ರಾಫಿಕ್ಸ್ ಮತ್ತಿತರ ಒಳಭಾಗಗಳಿಗೆ. ಆ 24ರಲ್ಲಿ ಸ್ವತಂತ್ರ ಫೇಸ್ 12 ಮಾತ್ರ ಇರುವ ಸಾಧ್ಯತೆಯೇ ಹೆಚ್ಚು. ಕಂಟ್ರೋಲರ್ ಕಳಿಸುವ ಒಂದೊಂದು ಸಂಕೇತಕ್ಕೂ ಎರಡೆರಡು ಸ್ಟೇಜ್ ಕಟ್ಟಿರುತ್ತಾರೆ. ಇದು ಮೋಸವೇನಲ್ಲ, ಹೊರೆ ಹಂಚಿಹೋಗುವುದು ನಿಜ. ಆದರೆ ‘24 ಫೇಸ್’ ಎನ್ನುವುದು ಮಾರಾಟದ ಭಾಷೆ.

ಲೆಕ್ಕ ಹಾಕಿ ನೋಡಿ. ಪ್ರೊಸೆಸರ್ 1.25 ವೋಲ್ಟ್‌ನಲ್ಲಿ 250 ವಾಟ್ ಎಳೆದರೆ 200 ಆಂಪಿಯರ್ ಹರಿಯುತ್ತದೆ. 16 ಸ್ಟೇಜ್ ಇದ್ದರೆ ಒಂದಕ್ಕೆ 12.5 ಆಂಪಿಯರ್, 24 ಇದ್ದರೆ ಎಂಟು ಚಿಲ್ಲರೆ. ಈ ದರ್ಜೆಯ ಬೋರ್ಡ್‌ಗಳಲ್ಲಿ ಒಂದೊಂದು ಸ್ಟೇಜಿನ ಮೇಲೂ 90 ಅಥವಾ 105 ಆಂಪಿಯರ್ ಎಂದು ಬರೆದಿರುತ್ತದೆ. ಅದು ಕಾಗದದ ಮೇಲಿನ ಮಿತಿ, ಅಷ್ಟು ಎಳೆಯುವ ಮೊದಲೇ ಬಿಸಿ ಅಡ್ಡ ಬರುತ್ತದೆ. ಆದರೂ 12 ಆಂಪಿಯರ್ ಅದಕ್ಕೆ ಯಾವ ಲೆಕ್ಕವೂ ಅಲ್ಲ. ವಿಆರ್‌ಎಂ ದಕ್ಷತೆ ಶೇ. 90 ಎಂದುಕೊಂಡರೆ ಸುಮಾರು 28 ವಾಟ್ ಶಾಖವಾಗಿ ಬೋರ್ಡಿನಲ್ಲೇ ಉಳಿಯುತ್ತದೆ. ಅದನ್ನು ಹೊರಹಾಕುವುದು ಹೀಟ್‌ಸಿಂಕ್. ಹಾಗಾಗಿ ಎಣಿಸುವ ಬದಲು ಅದನ್ನು ನೋಡಿ: ನಡುವೆ ಗಾಳಿ ನುಗ್ಗುವಂತೆ ತೆಳುವಾದ ಪಟ್ಟಿಗಳಿವೆಯೇ, ಇಲ್ಲ ಬಣ್ಣದ ದೀಪ ಹೊತ್ತ ಲೋಹದ ಇಟ್ಟಿಗೆಯೇ?

ಪ್ರಶ್ನೆ: ಬೋರ್ಡ್ ಕೊಂಡಾಯಿತು. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ವಿಆರ್‌ಎಂ ಪರೀಕ್ಷಿಸುವುದು ಹೇಗೆ?

ಉತ್ತರ: ಮೊದಲು ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಹೊಸದಕ್ಕೆ ಏರಿಸಿ, ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಆಮೇಲೆ ಎಲ್ಲ ಕೋರ್‌ಗಳಿಗೂ ಒಂದೇ ಮಲ್ಟಿಪ್ಲೈಯರ್ (ಮೂಲ ಕ್ಲಾಕನ್ನು ಗುಣಿಸಿ ವೇಗ ನಿರ್ಧರಿಸುವ ಸಂಖ್ಯೆ), ನಿಗದಿತ ವೋಲ್ಟೇಜ್ ಕೊಡಿ. ‘ಆಟೋ’ದಲ್ಲಿ ಬಿಟ್ಟರೆ ಬೋರ್ಡ್ ಏನು ಕೊಡುತ್ತಿದೆ ಎಂದೇ ತಿಳಿಯದೆ ಅಳೆದಂತಾಗುತ್ತದೆ. ಕ್ಯಾಬಿನೆಟ್ ಮುಚ್ಚಿಡಿ, ಕೋಣೆಯ ಉಷ್ಣಾಂಶ ಬರೆದುಕೊಳ್ಳಿ. ಒಸಿಸಿಟಿ ಅಥವಾ ಪ್ರೈಮ್95 ಎಂಬ ಹೊರೆ ಪರೀಕ್ಷೆಯ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. ಸೆನ್ಸರ್ ಅಂಕಿ ತೋರಿಸುವ ಹೆಚ್‌ಡಬ್ಲ್ಯೂಇನ್ಫೋದಲ್ಲಿ ವಿಆರ್‌ಎಂ ಉಷ್ಣಾಂಶದ ಸಾಲನ್ನು ಐದೈದು ನಿಮಿಷಕ್ಕೆ ಗುರುತು ಹಾಕುತ್ತ ಹೋಗಿ. ಹೀಟ್‌ಸಿಂಕ್ ದಪ್ಪವಿದ್ದಷ್ಟೂ ನಿಧಾನವಾಗಿ ಕಾಯುವುದರಿಂದ ಮೊದಲ ಐದು ನಿಮಿಷದ ಅಂಕಿ ನಂಬಬೇಡಿ. ಏರುವುದು ನಿಲ್ಲುವವರೆಗೂ ಕಾಯಿರಿ.

80 ಡಿಗ್ರಿ ಸೆಲ್ಸಿಯಸ್ ಒಳಗೆ ನಿಂತರೆ ನಿಶ್ಚಿಂತೆ. 100 ದಾಟಿದರೆ ಯೋಚಿಸಬೇಕು, ಏಕೆಂದರೆ ಸೆನ್ಸರ್ ಇರುವುದು ಸ್ಟೇಜಿನ ಪಕ್ಕದಲ್ಲಿ. ಚಿಪ್ಪಿನ ಒಳಗಿನ ಬಿಸಿ ಅದಕ್ಕಿಂತ ಹೆಚ್ಚು. ಪ್ರೊಸೆಸರ್ ತಣ್ಣಗಿದ್ದೂ ಕ್ಲಾಕ್ (ವೇಗ) ಥಟ್ಟನೆ ಕುಸಿದು ಮತ್ತೆ ಏರುತ್ತಿದ್ದರೆ ಮೊದಲು ಪವರ್ ಮಿತಿ ತಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ವಿಆರ್‌ಎಂ ಕಡೆ ಬೆರಳು ತೋರಿಸಿ.

ಲಿಕ್ವಿಡ್ ಕೂಲರ್ ಹಾಕಿದವರಿಗೆ ಇನ್ನೊಂದು ತೊಡಕು. ಗಾಳಿಯ ಕೂಲರ್‌ನಿಂದ ವಿಆರ್‌ಎಂಗೆ ಪುಕ್ಕಟೆ ಸಿಗುತ್ತಿದ್ದ ಗಾಳಿ ಇಲ್ಲಿ ಇಲ್ಲ. ಹೀಟ್‌ಸಿಂಕ್ ಕಡೆಗೆ ಒಂದು ಸಣ್ಣ ಫ್ಯಾನ್ ತಿರುಗಿಸಿ ನೋಡಿ. ಅಂಕಿ ಚೆನ್ನಾಗಿ ಇಳಿದರೆ ಬೋರ್ಡ್ ಸರಿಯಿದೆ, ಕೊರತೆ ಗಾಳಿಯದ್ದು. ಅಲುಗಾಡದಿದ್ದರೆ ಶಾಖ ಹೀಟ್‌ಸಿಂಕ್ ತಲುಪುತ್ತಲೇ ಇಲ್ಲವೆಂದರ್ಥ. ಮುಟ್ಟಿ ನೋಡಿದರೂ ಗೊತ್ತಾಗುತ್ತದೆ: ಸೆನ್ಸರ್ 105 ಎನ್ನುತ್ತಿರುವಾಗ ಲೋಹ ಬರೀ ಬೆಚ್ಚಗಿರುತ್ತದೆ. ಸ್ಕ್ರೂ ಸಡಿಲ, ಶಾಖ ದಾಟಿಸುವ ಥರ್ಮಲ್ ಪ್ಯಾಡ್ ಪಕ್ಕಕ್ಕೆ ಸರಿದಿರುವುದು, ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯದೇ ಕೂರಿಸಿರುವುದು, ಕಾರಣ ಇವುಗಳಲ್ಲೊಂದು. ಹೀಟ್‌ಸಿಂಕ್ ಬಿಚ್ಚಿದಾಗ ಪ್ಯಾಡ್ ಮೇಲೆ ಪ್ರತಿಯೊಂದು ಸ್ಟೇಜಿನ ಚೌಕಾಕಾರದ ಅಚ್ಚೂ ಮೂಡಿರಬೇಕು. ಅಚ್ಚು ಬೀಳದ ಕಡೆ ಆ ಚಿಪ್ ಒಂಟಿಯಾಗಿ ಬೇಯುತ್ತಿದೆ. ಆದರೆ ಬಿಚ್ಚಿದರೆ ವಾರಂಟಿ ಹೋಗುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ. ವಾಪಸ್ ಕೊಡಬಹುದಾದರೆ ಬಿಚ್ಚುವ ಉಸಾಬರಿಯೇ ಬೇಡ.

ಪ್ರಶ್ನೆ: ಬಯಾಸ್‌ನಲ್ಲಿ 1.30 ವೋಲ್ಟ್ ಇಟ್ಟಿದ್ದೇನೆ. ಲೋಡ್ ಬಿದ್ದಾಗ 1.21 ತೋರಿಸುತ್ತಿದೆ. ಬೋರ್ಡ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಅದು ಬೇಕೆಂದೇ ಮಾಡಿದ್ದು. ಕರೆಂಟ್ ಹೆಚ್ಚಿದಂತೆ ವೋಲ್ಟೇಜ್ ಜಗ್ಗುವುದಕ್ಕೆ ವಿ-ಡ್ರೂಪ್ ಎನ್ನುತ್ತಾರೆ. ಆಗ 180 ಆಂಪಿಯರ್ ಹರಿಯುತ್ತಿತ್ತು ಎಂದುಕೊಂಡರೆ ನಿಮ್ಮ 0.09 ವೋಲ್ಟ್ ಇಳಿತ ಎಂದರೆ 0.5 ಮಿಲಿಓಮ್ ಲೋಡ್‌ಲೈನ್ (ಕರೆಂಟ್‌ಗೆ ತಕ್ಕಂತೆ ವೋಲ್ಟೇಜ್ ಇಳಿಯುವ ಪ್ರಮಾಣ). ಇದನ್ನು ಲೋಡ್‌ಲೈನ್ ಕ್ಯಾಲಿಬ್ರೇಶನ್‌ನಿಂದ ಬಿಗಿ ಮಾಡಬಹುದು, ಅಂದರೆ ಇಳಿತ ಕಡಿಮೆ ಮಾಡಬಹುದು. ಆದರೆ ತೀರಾ ಬಿಗಿಗೆ ಹೋಗಬೇಡಿ. ಲೋಡ್ ಒಮ್ಮೆಲೇ ಬಿಟ್ಟಾಗ ವೋಲ್ಟೇಜ್ ನೀವು ಇಟ್ಟಿದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಅದು ಎಷ್ಟು ಕ್ಷಣಿಕವೆಂದರೆ ಸಾಫ್ಟ್‌ವೇರ್‌ಗೂ ಕಾಣದು, ಮಲ್ಟಿಮೀಟರ್‌ಗೂ ಕಾಣದು, ಆಸಿಲೋಸ್ಕೋಪ್ ಬೇಕು. ನಡುವಿನ ಹಂತ ಇಟ್ಟು, ಬೇಕಾದರೆ ಮೂಲ ವೋಲ್ಟೇಜನ್ನೇ 0.01ರಂತೆ ಏರಿಸಿ. ಹಂತದ ಅಂಕಿಯ ಬಗ್ಗೆ ಎಚ್ಚರ: ಆಸುಸ್ ಬೋರ್ಡ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಗಿ, ಎಂಎಸ್‌ಐ, ಆಸ್‌ರಾಕ್‌ಗಳಲ್ಲಿ 1 ಎಂಬುದೇ ಅತಿ ಬಿಗಿ.

ಎರಡು ಬೋರ್ಡ್‌ಗಳ ವೋಲ್ಟೇಜ್ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದೂ ತಪ್ಪು. ಕೆಲವು ಪ್ರೊಸೆಸರ್‌ನ ಡೈ (ಒಳಗಿನ ಸಿಲಿಕಾನ್ ಚಿಪ್) ಬಳಿಯ ವೋಲ್ಟೇಜ್ ಓದುತ್ತವೆ, ಕೆಲವು ಸಾಕೆಟ್ ಬಳಿಯದ್ದು. ಎರಡನೆಯದು ಲೋಡ್‌ನಲ್ಲಿ ಹೆಚ್ಚೇ ತೋರಿಸುತ್ತದೆ, ಡ್ರೂಪ್ ಕಡಿಮೆಯಿದ್ದಂತೆ ಕಾಣುತ್ತದೆ.

ಪ್ರಶ್ನೆ: ರ್‍ಯಾಮ್ ಅನ್ನು 8000 ಎಂಟಿ/ಸೆ. (ಸೆಕೆಂಡಿಗೆ ಮಿಲಿಯನ್ ವರ್ಗಾವಣೆ) ವೇಗಕ್ಕೆ ಓಡಿಸುವ ಆಸೆ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಸಾಕೇ?

ಉತ್ತರ: ಅಷ್ಟು ವೇಗವೇ ಗುರಿಯಾದರೆ ಎರಡೇ ಸ್ಲಾಟ್ ಇರುವ ಬೋರ್ಡ್ ಹುಡುಕಿ. ನಾಲ್ಕು ಸ್ಲಾಟ್ ಬೋರ್ಡಿನಲ್ಲಿ ಖಾಲಿ ಸ್ಲಾಟ್‌ಗಳ ತುಂಡು ತಂತಿಯೂ ಸಂಕೇತವನ್ನು ಪ್ರತಿಫಲಿಸಿ ಕೆಡಿಸುತ್ತದೆ. ಕೈಯಲ್ಲಿರುವುದು ನಾಲ್ಕು ಸ್ಲಾಟಿನದ್ದಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಮಾತ್ರ ರ್‍ಯಾಮ್ ಹಾಕಿ. ನಾಲ್ಕನ್ನೂ ತುಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಎಎಮ್‌ಡಿಯ ಅಂಕಿಯೇ ಸಾಕ್ಷಿ: ರೈಜನ್ 7000ಕ್ಕೆ ಎರಡು ಮಾಡ್ಯೂಲ್ ಇದ್ದರೆ ಡಿಡಿಆರ್5-5200, ನಾಲ್ಕಾದರೆ 3600. ಡಿಡಿಆರ್5ರಲ್ಲಿ ರ್‍ಯಾಮ್‌ನ ವೋಲ್ಟೇಜ್ ನಿಯಂತ್ರಣ ಮಾಡ್ಯೂಲ್ ಮೇಲೇ ಇರುವುದರಿಂದ ಬೋರ್ಡಿನ ‘ಮೆಮೊರಿ ಫೇಸ್’ ಜಾಹೀರಾತಿಗೆ ಮರುಳಾಗಬೇಡಿ. ಮೊದಲ ಸಲ ಟ್ರೇನಿಂಗ್ (ಬೋರ್ಡ್ ಮೆಮೊರಿಗೆ ಹೊಂದುವ ಸೆಟ್ಟಿಂಗ್ ಹುಡುಕಿಕೊಳ್ಳುವುದು) ಆಗುವಾಗ ಪರದೆ ಹಲವು ನಿಮಿಷ ಕಪ್ಪಗಿರುತ್ತದೆ. ಬೋರ್ಡ್ ಸತ್ತಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಪ್ರಶ್ನೆ: ವೋಲ್ಟೇಜ್ ‘ಆಟೋ’ದಲ್ಲಿಟ್ಟರೆ ಬೋರ್ಡೇ ಸುರಕ್ಷಿತವಾಗಿ ನೋಡಿಕೊಳ್ಳುವುದಿಲ್ಲವೇ?

ಉತ್ತರ: ಪೂರ್ತಿ ನಂಬುವಂತಿಲ್ಲ. 2023ರಲ್ಲಿ ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಮೇಲೆ ಬಯಾಸ್ ಅಪ್‌ಡೇಟ್ ಮೂಲಕ ಎಸ್‌ಒಸಿ (ಮೆಮೊರಿ ಕಂಟ್ರೋಲರ್ ಮೊದಲಾದ ಭಾಗಗಳ) ವೋಲ್ಟೇಜಿಗೆ 1.3 ವೋಲ್ಟ್‌ನ ಬೇಲಿ ಹಾಕಬೇಕಾಯಿತು. 2024ರಲ್ಲಿ ಇಂಟೆಲ್ 13 ಮತ್ತು 14ನೇ ಪೀಳಿಗೆಗೆ 0ಎಕ್ಸ್129 ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಬಂದಾಗ ಪ್ರೊಸೆಸರ್ ಕೇಳಬಹುದಾದ ವೋಲ್ಟೇಜಿನ ಮಿತಿ 1.55 ವೋಲ್ಟ್ ಆಯಿತು. ನಿಮ್ಮ ಬಯಾಸ್ ಇವುಗಳಿಗಿಂತ ಹಳೆಯದಾದರೆ ಓವರ್‌ಕ್ಲಾಕಿಂಗ್ ಮಾತು ಆಮೇಲೆ, ಮೊದಲು ಅಪ್‌ಡೇಟ್.

ಪ್ರಶ್ನೆ: ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ ಕೊಡಬೇಕು?

ಉತ್ತರ: ಬಿದ್ದಾಗ ಎತ್ತಿ ನಿಲ್ಲಿಸುವ ಸೌಲಭ್ಯಗಳಿಗೆ. ರ್‍ಯಾಮ್ ಟೈಮಿಂಗ್ ತಿದ್ದುವಾಗ ಒಂದೇ ಸಂಜೆಯಲ್ಲಿ ಇಪ್ಪತ್ತು ಸಲ ಬೂಟ್ ವಿಫಲವಾಗುವುದುಂಟು. ಹಿಂಬದಿಯಲ್ಲೇ ಬಯಾಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್ ಗುಂಡಿ, ಎರಡಂಕಿಯ ಎರರ್ ಕೋಡ್ ಪರದೆ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಬರೆಯುವ ಗುಂಡಿ, ಎರಡು ಬಯಾಸ್ ಚಿಪ್: ಇವಿದ್ದರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಕಿತ್ತು ಬ್ಯಾಟರಿ ತೆಗೆಯುವ ಗೋಳು ತಪ್ಪುತ್ತದೆ.

ಪ್ರಶ್ನೆ: ಓವರ್‌ಕ್ಲಾಕಿಂಗ್‌ಗೆ ಅವಕಾಶವಿರುವ ಇಂಟೆಲ್‌ನ ಝಡ್790 ಬೋರ್ಡ್ ಇದೆ, ಪ್ರೊಸೆಸರ್ ಹೆಸರಿನಲ್ಲಿ ‘ಕೆ’ ಇಲ್ಲ. ಪರವಾಗಿಲ್ಲವೇ?

ಉತ್ತರ: ರ್‍ಯಾಮ್ ವೇಗ ಏರಿಸಬಹುದು. ಪ್ರೊಸೆಸರ್‌ನ ಮಲ್ಟಿಪ್ಲೈಯರ್‌ಗೆ ಬೀಗ ಬಿದ್ದಿದೆ.