24 ಗಂಟೆಯ ಮೌಂಟನ್ ಬೈಕ್ ರೇಸಿಗೆ ಒಬ್ಬನೇ ಇಳಿಯಬಹುದಾ?

ಅರಿಜೋನಾದ ಚಾಂಡ್ಲರ್‌ನಲ್ಲಿದ್ದೀನಿ, ವಾರಾಂತ್ಯಕ್ಕೆ ಹತ್ತಿರದ ಸೌತ್ ಮೌಂಟನ್ ಬೆಟ್ಟದಲ್ಲಿ ಮೂರು ಗಂಟೆ ಸೈಕಲ್ ತುಳೀತೀನಿ, ಫೆಬ್ರವರಿಯಲ್ಲಿ ನಡೆಯುವ ಓಲ್ಡ್ ಪ್ಯೂಬ್ಲೊ 24 ಗಂಟೆ ರೇಸಿಗೆ ಸೋಲೋ, ಅಂದರೆ ತಂಡವಿಲ್ಲದೆ ಒಬ್ಬನೇ, ಹೆಸರು ಕೊಡಬಹುದಾ, ಕಾಲು ತಡೆಯುತ್ತಾ ಅಂತ ಕೇಳಿದ್ದೀರಿ.

ಕೊಡಿ. ನಾನೂ ಅಲ್ಲಿ ಸೋಲೋ ಓಡಿಸಿದವನು. ಕಾಲು ಸೋತು ಬಿಟ್ಟವರನ್ನು ನಾನು ನೋಡಿದ್ದು ಕಡಿಮೆ. ಹೊಟ್ಟೆ ಕೆಟ್ಟು ಬಿಡುತ್ತಾರೆ, ಕೂರುವ ಜಾಗ ಸುಲಿದು ಬಿಡುತ್ತಾರೆ. ಎಲ್ಲಕ್ಕಿಂತ ಜಾಸ್ತಿ, ರಾತ್ರಿ ಟೆಂಟಿನೊಳಗೆ ಐದು ನಿಮಿಷ ಅಂತ ಕೂತವರು ಏಳುವುದೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟೂಸಾನ್‌ನಿಂದ ಉತ್ತರಕ್ಕೆ, ಒರಾಕಲ್ ಅನ್ನುವ ಊರಿನ ಹತ್ತಿರದ ಮರಳುಗಾಡಿನಲ್ಲಿ ಈ ರೇಸು. ಒಂದು ಸುತ್ತು ಸುಮಾರು 16 ಮೈಲಿ, ಅಂದರೆ 26 ಕಿಲೋಮೀಟರ್ ಹತ್ತಿರ. ಶನಿವಾರ ಮಧ್ಯಾಹ್ನ 12ಕ್ಕೆ ಶುರು, ಭಾನುವಾರ ಮಧ್ಯಾಹ್ನ 12ಕ್ಕೆ ಮುಗಿತಾಯ. ತಂಡದವರು ಸರದಿ ಮೇಲೆ ಹೋಗುತ್ತಾರೆ, ಸೋಲೋದವರಿಗೆ ಸರದಿ ಎಲ್ಲಿಂದ ಬರಬೇಕು. ಯಾರು ಜಾಸ್ತಿ ಸುತ್ತು ಹಾಕಿದರೋ ಅವರೇ ಮುಂದೆ.

ಈ ತರದ ರೇಸು ಮೊದಲು ಶುರುವಾದದ್ದು 1992ರಲ್ಲಿ, ವೆಸ್ಟ್ ವರ್ಜೀನಿಯಾದ ಕೇನನ್‌ನಲ್ಲಿ. ಲೇರ್ಡ್ ನೈಟ್ ಅನ್ನುವವರು ಮಾಡಿಸಿದ್ದು, ಬರೀ ತಂಡಗಳಿಗೆ. ಆಮೇಲೊಮ್ಮೆ ಜಾನ್ ಸ್ಟಾಮ್‌ಸ್ಟಾಡ್ ತನ್ನ ಹೆಸರನ್ನೇ ನಾಲ್ಕು ರೀತಿ ತಿರುಚಿ ಬರೆದು, ನಾಲ್ಕು ಜನರ ತಂಡ ಅಂತ ನೋಂದಾಯಿಸಿ ಒಬ್ಬನೇ ತುಳಿದ. ಸೋಲೋ ಅನ್ನುವ ವಿಭಾಗ ಬಂದದ್ದು ಅದಾದ ಮೇಲೆ. ನಮ್ಮ ಸಂಕಟಕ್ಕೆಲ್ಲ ಈ ಮಹಾನುಭಾವನೇ ಕಾರಣ ಅಂತ ಬೆಳಗಿನ ಜಾವ ನಾಲ್ಕಕ್ಕೆ ಬೈದುಕೊಳ್ಳಬಹುದು.

ಇನ್ನು ನಿಮ್ಮ ವಿಷಯ. ಓಲ್ಡ್ ಪ್ಯೂಬ್ಲೊ ದಾರಿಯಲ್ಲಿ ದೊಡ್ಡ ಬೆಟ್ಟ ಇಲ್ಲ, ಆದ್ದರಿಂದ ಸುಲಭ ಅಂತ ಯಾರಾದರೂ ಹೇಳುತ್ತಾರೆ. ನಂಬಬೇಡಿ. ಉದ್ದನೆಯ ಏರು ಇಲ್ಲ ಅಂದರೆ ಉದ್ದನೆಯ ಇಳಿಜಾರೂ ಇಲ್ಲ, ಅಲ್ವಾ? ಪೆಡಲ್ ನಿಲ್ಲಿಸಿ ಉಸಿರು ಬಿಡುವ ಜಾಗವೇ ಕಡಿಮೆ. ಗಂಟೆಗಟ್ಟಲೆ ಸೀಟಿನ ಮೇಲೇ ಕೂತಿರುತ್ತೀರಿ. ಹಾಗಾಗಿ ಎರಡು ಮೂರು ಚಡ್ಡಿ ಇಟ್ಟುಕೊಳ್ಳಿ, ಉಜ್ಜುವುದು ಶುರುವಾಗುವ ಮೊದಲೇ ಬದಲಾಯಿಸಿ, ಪ್ರತಿ ಸಲ ಕ್ರೀಮ್ ಬಳಿಯಿರಿ. ನಾಚಿಕೆ ಪಟ್ಟುಕೊಂಡರೆ ಕೆಟ್ಟಿರಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಹ್ಯಾಂಡಲ್ ಮೇಲಿನ ಭಾರ ಅಂಗೈಯ ನರದ ಮೇಲೆ ಬೀಳುವುದರಿಂದ. ಹಿಡಿತ ಬದಲಾಯಿಸುತ್ತಾ ಇರಿ.

ಶುರುವಿನಲ್ಲಿ ಎಲ್ಲರೂ ಸೈಕಲ್ ಒಂದು ಕಡೆ ಇಟ್ಟು, ದೂರದಿಂದ ಓಡಿಬಂದು ಹತ್ತಬೇಕು. ತಂಡದವರು ಬೆನ್ನಿಗೆ ಬೆಂಕಿ ಬಿದ್ದ ಹಾಗೆ ಓಡುತ್ತಾರೆ. ನೀವು ನಡೆದು ಹೋಗಿ. ಮೊದಲ ಎರಡು ಸುತ್ತು ನಿಮಗೇ ಬೇಸರ ಬರುವಷ್ಟು ನಿಧಾನ ಇರಬೇಕು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ಜೋರಾಗಿ ಹೋಗ್ತಾ ಇದ್ದೀರಿ ಅಂತ ಅರ್ಥ.

ಊಟದ ವಿಷಯಕ್ಕೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಯಾಕಂದ್ರೆ ಅರ್ಧ ರೇಸು ಇಲ್ಲೇ ಇದೆ. ಗಂಟೆಗೆ 60 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಬರೀ ಗ್ಲೂಕೋಸ್ ಆದರೆ ಕರುಳು ಹೀರಿಕೊಳ್ಳುವುದು ಅಷ್ಟೇ, ಫ್ರಕ್ಟೋಸ್ ಸೇರಿಸಿದರೆ 90 ಗ್ರಾಂವರೆಗೂ ಹೋಗಬಹುದು, ಆದರೆ ಅದಕ್ಕೆ ಹೊಟ್ಟೆಯನ್ನು ತಿಂಗಳುಗಟ್ಟಲೆ ಪಳಗಿಸಬೇಕು. ಪೊಟ್ಟಣದಲ್ಲಿ ಬರುವ ಸಿಹಿ ಎನರ್ಜಿ ಜೆಲ್ ಕತೆ ಏನಂದ್ರೆ, ಎಂಟು ಹತ್ತು ಗಂಟೆ ಆದ ಮೇಲೆ ಸಿಹಿ ಅಂದರೆ ವಾಕರಿಕೆ ಬರುತ್ತೆ. ಆಗ ನಮ್ಮವರ ಅಡುಗೆ ಕೈಹಿಡಿಯುತ್ತದೆ. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಸ್ವಲ್ಪ ಚಿತ್ರಾನ್ನ, ಒಗ್ಗರಣೆ ಕಡಿಮೆ ಹಾಕಿದ ಮೊಸರನ್ನ, ರಾತ್ರಿಗೆ ಫ್ಲಾಸ್ಕಿನಲ್ಲಿ ಬಿಸಿ ತಿಳಿಸಾರು. ಚಿತ್ರಾನ್ನಕ್ಕೆ ಕಡಲೆಬೀಜ ಬೇಡ, ಅಗಿಯುವ ತಾಳ್ಮೆ ಇರಲ್ಲ. ಎಣ್ಣೆ ತಿಂಡಿ ಬೇಡವೇ ಬೇಡ. ಹಸಿವಾದಾಗ ತಿನ್ನುವುದಲ್ಲ, ಗಡಿಯಾರ ನೋಡಿ ತಿನ್ನುವುದು. ಹಾಂ, ಏನನ್ನೂ ಮೊದಲ ಸಲ ರೇಸಿನ ದಿನ ತಿನ್ನಬೇಡಿ.

ನಿಲ್ಲುವ ಲೆಕ್ಕ ಹಾಕಿ ನೋಡಿ. ಹತ್ತು ಸಲ ನಿಂತು ಪ್ರತಿ ಸಲ 20 ನಿಮಿಷ ಕಳೆದರೆ ಮೂರು ಗಂಟೆ 20 ನಿಮಿಷ ಹೋಯಿತು. ಅಷ್ಟರಲ್ಲಿ ಒಂದೂವರೆ ಸುತ್ತು ಹಾಕಬಹುದಿತ್ತು. ಎಷ್ಟು ದುಬಾರಿ ಸೈಕಲ್ ಕೊಂಡರೂ ಈ ಒಂದೂವರೆ ಸುತ್ತು ಗಳಿಸಲು ಆಗಲ್ಲ. ಅದಕ್ಕೇ ಸಹಾಯಕ್ಕೆ ಒಬ್ಬರು ಬೇಕು. ಹೆಂಡತಿಯೋ ಗೆಳೆಯನೋ, ಯಾರಾದರೂ ಸರಿ, ಸ್ವಲ್ಪ ಕಟುಕ ಮನಸ್ಸಿನವರಾದರೆ ಒಳ್ಳೇದು. ಬಾಟಲಿ ಕೊಡಬೇಕು, ಚೈನಿಗೆ ಎಣ್ಣೆ ಹಾಕಬೇಕು, ಬ್ಯಾಟರಿ ಬದಲಾಯಿಸಬೇಕು, ಹೋಗು ಅಂತ ಅಟ್ಟಬೇಕು. ಪಾಪ ಅಂತ ಕುರ್ಚಿ ಹಾಕಿಕೊಡುವವರನ್ನು ಕರೆದುಕೊಂಡು ಹೋಗಬೇಡಿ.

ಫೆಬ್ರವರಿಯ ರಾತ್ರಿ ಸುಮಾರು 13 ಗಂಟೆ. ರೇಸಿನ ಅರ್ಧಕ್ಕಿಂತ ಜಾಸ್ತಿ ಕತ್ತಲೆಯಲ್ಲೇ. ಹಗಲು ಬರೀ ಜೆರ್ಸಿಯಲ್ಲಿ ಬೆವರಿದವರು ಮಧ್ಯರಾತ್ರಿ ನಡುಗುತ್ತಾರೆ, ಮರಳುಗಾಡಿನ ಚಳಿ ನಿಮಗೆ ಗೊತ್ತೇ ಇದೆ. ದೀಪ ಎರಡು ಬೇಕು. ಒಂದು ಹ್ಯಾಂಡಲ್‌ಗೆ, ಒಂದು ಹೆಲ್ಮೆಟ್‌ಗೆ. ಹ್ಯಾಂಡಲ್ ದೀಪ ತಿರುವಿನಾಚೆ ತೋರಿಸಲ್ಲ, ನೀವು ನೋಡಿದ ಕಡೆ ಬೆಳಕು ಬೀಳಬೇಕಾದರೆ ಹೆಲ್ಮೆಟ್ ದೀಪವೇ ಗತಿ. ಏರಿನಲ್ಲಿ ಬೆಳಕು ಕಡಿಮೆ ಮಾಡಿ ಬ್ಯಾಟರಿ ಉಳಿಸಿ. ಕಾಫಿಯನ್ನು ಹಗಲೆಲ್ಲ ಮುಟ್ಟದೆ ರಾತ್ರಿಗೆ ಇಟ್ಟುಕೊಂಡರೆ ಕೆಲಸ ಮಾಡುತ್ತದೆ. ಮೂರರಿಂದ ಐದರವರೆಗೆ ಮನಸ್ಸು ಪಾತಾಳಕ್ಕೆ ಇಳಿಯುತ್ತೆ, ಬಿಟ್ಟುಬಿಡೋಣ ಅನ್ನುವ ಮಾತು ಆಗಲೇ ಬರುವುದು. ಆ ಹೊತ್ತಿನಲ್ಲಿ ನಿರ್ಧಾರ ಮಾಡಬೇಡಿ, ಸೂರ್ಯ ಬಂದ ಮೇಲೆ ಮಾಡಿ. ಆದರೆ ಇಳಿಜಾರಿನಲ್ಲಿ ಕಣ್ಣು ಮುಚ್ಚಿಹೋಗ್ತಿದ್ದರೆ ಹಟ ಬೇಡ, 20 ನಿಮಿಷ ಅಲಾರಂ ಇಟ್ಟು ಮಲಗಿ. ಅರ್ಧ ಗಂಟೆ ದಾಟಿದರೆ ಎದ್ದ ಮೇಲೆ ಮಂಪರು ಇನ್ನೂ ಜಾಸ್ತಿ.

ಅಲ್ಲಿಯ ವಿಶೇಷ ಅಂದರೆ ಚೋಯಾ ಕಳ್ಳಿ. ದಾರಿಯ ಪಕ್ಕದಲ್ಲೇ ಇರುತ್ತೆ, ತಾಗಿದರೆ ಗಡ್ಡೆಗಡ್ಡೆಯಾಗಿ ಮೈಗೆ ಅಂಟಿಕೊಳ್ಳುತ್ತೆ. ಕೈಯಲ್ಲಿ ಕೀಳಲು ಹೋದರೆ ಕೈಗೆ ಅಂಟುತ್ತೆ. ಜೇಬಿನಲ್ಲಿ ಒಂದು ಬಾಚಣಿಗೆ ಇರಲಿ, ಅದನ್ನು ಮುಳ್ಳಿನ ನಡುವೆ ತೂರಿಸಿ ಒಂದೇ ಏಟಿಗೆ ಎಗರಿಸಬೇಕು. ಟೈರು ಟ್ಯೂಬ್‌ಲೆಸ್ ಇರಲಿ, ಮುಳ್ಳು ಚುಚ್ಚಿದ ತೂತನ್ನು ಒಳಗಿನಿಂದಲೇ ಮುಚ್ಚುವ ಸೀಲೆಂಟ್ ದ್ರವ ಹೊಸದಾಗಿ ತುಂಬಿಸಿ.

ತಯಾರಿಗೆ ಅರಿಜೋನಾದಲ್ಲಿ ಒಂದು ಅನುಕೂಲ ಇದೆ. ಅಕ್ಟೋಬರ್‌ನಿಂದ ಬಿಸಿಲು ಇಳಿಯುತ್ತದೆ, ಉದ್ದ ಸವಾರಿಗೆ ಅದೇ ಕಾಲ. ಶನಿವಾರ ಐದು ಗಂಟೆ, ಮಾರನೇ ದಿನ ದಣಿದ ಕಾಲಿನಲ್ಲೇ ಮತ್ತೆ ನಾಲ್ಕು ಗಂಟೆ. ಹದಿನೈದು ದಿನಕ್ಕೊಮ್ಮೆ ರಾತ್ರಿ ಸವಾರಿ. ಜನವರಿಯೊಳಗೆ ಒಂದು ಸಲ ಹತ್ತು ಗಂಟೆ ತುಳಿದು ನೋಡಿ, ದೂರ ಹೋಗಲು ಅಲ್ಲ, ಊಟ, ಚಡ್ಡಿ, ದೀಪ ಎಲ್ಲ ಸರಿಯಿದೆಯಾ ಅಂತ ತಿಳಿಯಲು. ಅಷ್ಟು ಹೊತ್ತು ಬಿಡುವು ಸಿಗಲ್ಲ ಅನ್ನುವ ಹಾಗಿದ್ದರೆ ಈ ವರ್ಷ ನಾಲ್ಕು ಜನರ ತಂಡದಲ್ಲಿ ಹೋಗಿ.

ಕೊನೆಯ ಸುತ್ತು ಎಷ್ಟು ಹೊತ್ತಿಗೆ ಮುಗಿದರೆ ಲೆಕ್ಕಕ್ಕೆ ಬರುತ್ತೆ ಅನ್ನುವುದು ರೇಸಿನಿಂದ ರೇಸಿಗೆ ಬೇರೆ, ನಿಯಮ ಓದಿಕೊಂಡೇ ಹೋಗಿ. ಮುಗಿದ ಮೇಲೆ ಚಾಂಡ್ಲರ್‌ವರೆಗೆ ಕಾರು ನೀವು ಓಡಿಸುವಂತಿಲ್ಲ. ಇನ್ನೊಬ್ಬರು ಓಡಿಸಲಿ, ಇಲ್ಲ ಅಲ್ಲೇ ಟೆಂಟಿನಲ್ಲಿ ಮಲಗಿ ಸೋಮವಾರ ಹೊರಡಿ.