ಅಕ್ಕನ ಅವರೆಬೇಳೆಯ ಲೆಕ್ಕ

(ನಾನು ಆಪ್ತ ಸಮಾಲೋಚಕಿ. ನನ್ನಲ್ಲಿಗೆ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 36 ವರ್ಷ. ಕೋಲಾರ ತಾಲ್ಲೂಕಿನ ಹಳ್ಳಿಯವರು. ಈಗ ಕೋಲಾರದಲ್ಲಿ ಒಬ್ಬರೇ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ.

"ನಿದ್ದೆ ಬರ್ತಿಲ್ಲ ಮೇಡಂ" ಎಂದು ಬಂದರು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮ್ಯೂಚುವಲ್ ಫಂಡ್ ಆ್ಯಪ್ ತೆರೆದು ಕೂರುತ್ತಾರೆ. ತಿಂಗಳ ಖರ್ಚು 25,000, ವರ್ಷಕ್ಕೆ 3 ಲಕ್ಷ, ಅದರ 25 ಪಟ್ಟು 75 ಲಕ್ಷ. ಅಷ್ಟು 45ನೇ ವಯಸ್ಸಿಗೆ ಕೂಡಿಬಿಟ್ಟರೆ ಕೆಲಸ ಬಿಟ್ಟು ಅದರಲ್ಲೇ ಬದುಕಬಹುದು, ಯಾರ ಹಂಗೂ ಇರುವುದಿಲ್ಲ ಎಂದರು. 'ಹಂಗು' ಎಂಬ ಮಾತು ಅವತ್ತು ನಾಲ್ಕೈದು ಸಲ ಬಂತು. ನಾನು ಅದನ್ನು ಬರೆದಿಟ್ಟುಕೊಂಡೆ.

ಅಪ್ಪ ಟೊಮೆಟೊ ಬೆಳೆಯುತ್ತಿದ್ದರು. ಬೋರ್‌ವೆಲ್‌ಗೆ ಸಾಲ, ಮಂಡಿಯಲ್ಲಿ ಮುಂಗಡ. ಟೊಮೆಟೊ ಬೆಲೆಯ ಕಥೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದನ್ನೂ ನೋಡಿದ್ದೇವೆ. ಹಾಗೆ ಬೆಲೆ ಬಿದ್ದ ಒಂದು ವರ್ಷ, ಸಾಲ ಕೊಟ್ಟವನು ಬಂದು ಜಗಲಿ ಮೇಲೆ ಕೂತ. ಕತ್ತಲಾದರೂ ಏಳಲಿಲ್ಲ. ಆಕೆ ಆಗ ಎಂಟನೇ ಕ್ಲಾಸು. ಅಕ್ಕ ಓದು ಬಿಟ್ಟು ಕೂಲಿಗೆ ಹೊರಟಿದ್ದು ಆ ವರ್ಷವೇ. ಆ ಕೂಲಿಯಲ್ಲೇ ತಂಗಿಯ ಡಿಪ್ಲೊಮಾ ಮುಗಿಯಿತು.

ಮೂರನೇ ಭೇಟಿಯಲ್ಲಿ, ಹೊರಡುವ ಹೊತ್ತಿಗೆ, ಸುಮ್ನೆ ಎಂಬಂತೆ ಇನ್ನೊಂದು ವಿಷಯ ಹೇಳಿದರು. ಅವರೆಕಾಯಿ ಕಾಲದಲ್ಲಿ ಅಕ್ಕ ಹಿತಕಿದ ಬೇಳೆ ಕಳಿಸಿದ್ದರಂತೆ. ಡಬ್ಬಿ ಕೈಗೆ ಬಂದ ಐದು ನಿಮಿಷಕ್ಕೆ ಇವರು 600 ರೂಪಾಯಿ ಫೋನಿನಲ್ಲಿ ಕಳಿಸಿದರು. ಅಕ್ಕ ವಾಪಸ್ ಹಾಕಿದರು. "ನಾನೇನು ಅಂಗಡಿ ಇಟ್ಟಿದೀನಾ?" ಎಂದು ಕೇಳಿ ಫೋನ್ ಇಟ್ಟರು. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ. ನಿದ್ದೆ ಕೆಟ್ಟಿದ್ದೂ ಆಗಿನಿಂದಲೇ.

ಯಾರೋ ಹೇಳಿದರೆಂದು ದಿನಕ್ಕೆ ಮೂರು ಕೃತಜ್ಞತೆಯ ಸಾಲು ಬರೆಯಲು ಕೂತಿದ್ದರು. "ಬರೆದಷ್ಟೂ ಭಾರ ಆಯ್ತು ಮೇಡಂ." ಆಗದೆ ಏನು? ಪ್ರತಿ ಸಾಲೂ ಅವರಿಗೆ ತೀರಿಸಬೇಕಾದ ಬಾಕಿಯಂತೆ ಕಾಣುತ್ತಿತ್ತು. ಉಪಕಾರದ ನೆನಪು ಬೇರೆ, ಋಣಭಾರ ಬೇರೆ. 2006ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದ್ದರು. ಕೊಟ್ಟವರು ವಾಪಸ್ ಏನಾದರೂ ಬಯಸುತ್ತಾರೆ ಅನ್ನಿಸಿದಷ್ಟೂ ಋಣಭಾರ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ.

ನಾನು ಆಕೆಗೆ ಮುಯ್ಯಾಳು ನೆನಪು ಮಾಡಿದೆ. ಇವತ್ತು ನಿಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನೀವು. ಕೆಲಸ ಮುಗಿದ ಸಂಜೆಯೇ ಯಾರಾದರೂ ಕೂಲಿ ಎಣಿಸಿ ಕೈಗಿಟ್ಟರೆ ಹೇಗಿರುತ್ತದೆ? ಆಕೆ ತುಂಬಾ ಹೊತ್ತು ಸುಮ್ಮನಿದ್ದರು. "ಇನ್ಮೇಲೆ ಬರಬೇಡಿ ಅಂದಂಗೆ" ಎಂದರು.

ಗುರಿ ಬಿಡಿ ಎಂದು ನಾನು ಹೇಳಲಿಲ್ಲ. ಜಗಲಿ ಮೇಲೆ ಸಾಲ ಕೊಟ್ಟವನು ಕೂತಿದ್ದನ್ನು ಕಂಡ ಹುಡುಗಿ ಹಣ ಕೂಡಿಡುವುದು ದುರಾಸೆಯಲ್ಲ. ಆರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿಟ್ಟು, ಎಸ್‌ಐಪಿ (ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು) ಮುಂದುವರಿಸಿ, ಆ್ಯಪ್ ತಿಂಗಳಿಗೆ ಒಂದೇ ಸಲ ನೋಡಿ ಎಂದೆ. 25 ಪಟ್ಟಿನ ಲೆಕ್ಕ ಅಮೆರಿಕದ್ದು, ಸುಮಾರು 30 ವರ್ಷದ ನಿವೃತ್ತಿ ಬದುಕಿಗೆ ಹಾಕಿದ್ದು. 45ಕ್ಕೇ ಕೆಲಸ ಬಿಡುವವರಿಗೆ ಅದು ಸಾಲದೇ ಹೋಗಬಹುದು. ನಾನು ಹಣಕಾಸಿನವಳಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರನ್ನು ಕೇಳಲು ಹೇಳಿದೆ.

ಕೃತಜ್ಞತೆ ಬರೆಯುವುದನ್ನು ವಾರಕ್ಕೊಮ್ಮೆ ಮಾಡಿ ಎಂದೆ. ಒಬ್ಬರೇ ವ್ಯಕ್ತಿ, ಒಂದೇ ಘಟನೆ, ಆದರೆ ಪೂರ್ತಿ ವಿವರ. ಪಕ್ಕದಲ್ಲಿ ರೂಪಾಯಿ ಬರೆಯಕೂಡದು. "ಮನಸ್ಸು ತುಂಬಿದರೆ ಉಳಿಸೋ ಹಟ ಕಮ್ಮಿ ಆಗಲ್ವಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. 2014ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಡಿಸ್ಟೆನೊ ತಂಡದ ಪ್ರಯೋಗದಲ್ಲಿ ಕಂಡದ್ದು ಉಲ್ಟಾ. ಕೃತಜ್ಞತೆಯ ಘಟನೆ ನೆನೆದವರು, ಈಗಲೇ ಸಿಗುವ ಸಣ್ಣ ಮೊತ್ತ ಬಿಟ್ಟು ಮುಂದೆ ಸಿಗುವ ದೊಡ್ಡ ಮೊತ್ತಕ್ಕೆ ಕಾಯಲು ಹೆಚ್ಚು ಸಿದ್ಧರಿದ್ದರು.

ಇನ್ನೊಂದನ್ನು ಖಂಡಿತವಾಗಿ ಹೇಳಿದೆ. ಕಾರ್ಖಾನೆಯಲ್ಲಿ ಅವರ ಮೇಲಿನವರು "ಕೆಲಸ ಇದೆಯಲ್ಲ, ಅದಕ್ಕೆ ಖುಷಿ ಪಡಿ" ಎನ್ನುತ್ತಾ ಓಟಿ (ಹೊತ್ತು ಮೀರಿದ ಕೆಲಸ) ದುಡ್ಡು ಕೊಡದೆ ದುಡಿಸುತ್ತಿದ್ದರು. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕೆಂದು ಕಾನೂನಿದೆ. ಅದನ್ನು ಕೇಳಿ ಪಡೆಯಿರಿ ಎಂದೆ. ಬಾಯಿ ಮುಚ್ಚಿಸಲು ಕೃತಜ್ಞತೆಯ ಹೆಸರು ಬಳಸಿದರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಕೆಲಸ ಕೊಟ್ಟೆ. ದುಡ್ಡು ಹಾಕದೆ, ಕೈಯಲ್ಲಿ ಏನೂ ಹಿಡಿಯದೆ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಬನ್ನಿ.

ಮೂರು ವಾರ ಮುಂದೂಡಿದರು. ನಾಲ್ಕನೇ ವಾರ ಹೋದರು. ಅಕ್ಕ ಮಾತಾಡದೆ ಮುದ್ದೆ ಬಡಿಸಿದರಂತೆ. ಊಟವಾದ ಮೇಲೆ ಇವರು, "ಅಕ್ಕ, ನೀನು ಸ್ಕೂಲ್ ಬಿಟ್ಟ ದಿನ ನಂಗೆ ನೆನಪಿದೆ" ಎಂದರು. ಅಕ್ಕ, "ಈಗ್ಯಾಕೆ ಅದೆಲ್ಲ?" ಎಂದು ಮುಖ ಆಚೆ ತಿರುಗಿಸಿದರು. ಹೊರಡುವಾಗ ಮಾತ್ರ ಬ್ಯಾಗಿಗೆ ಐದು ಕೆಜಿ ರಾಗಿಹಿಟ್ಟು ಇಟ್ಟರು.

ಬಸ್ಸಿನಲ್ಲಿ ಕೈ ಎರಡು ಸಲ ಫೋನಿಗೆ ಹೋಯಿತಂತೆ. ಕಳಿಸಲಿಲ್ಲ. "ಬೆವರು ಬಂತು ಮೇಡಂ" ಎಂದರು. ಮುಂದಿನ ಭೇಟಿ ಹದಿನೈದು ದಿನ ಬಿಟ್ಟು.