ನಾಯಿಗೆ ವಿಮೆ: ಸತ್ತರೆ ಬರುವ ಹಣವೋ, ಬದುಕಿಸಲು ಬರುವ ಹಣವೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಲ್ಯಾಬ್ರಡಾರ್ ಇದೆ. ಎರಡು ಪಾಲಿಸಿ ನೋಡಿದ್ದೇವೆ. ಒಂದರ ಪ್ರೀಮಿಯಂ ಬಹಳ ಕಡಿಮೆ, ಇನ್ನೊಂದರದು ಅದರ ಮೂರು ಪಟ್ಟು. ಎರಡರಲ್ಲೂ ವಿಮಾ ಮೊತ್ತ 40,000 ರೂಪಾಯಿ. ಕಡಿಮೆಯದ್ದೇ ಸಾಲದೇ? – ಓದುಗರು, ಮೈಸೂರು

ಮೊತ್ತ ಒಂದೇ ಇರಬಹುದು, ಆದರೆ ಅದು ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಮೊದಲು ಓದಿ. ಅಗ್ಗದ ಪಾಲಿಸಿ ಬಹುಪಾಲು ಸಾವಿನ ವಿಮೆಯಾಗಿರುತ್ತದೆ. ರಾಸು ವಿಮೆಯ ಹಾಗೆ ಅಲ್ಲಿ ನಾಯಿಯ ಬೆಲೆಗೆ ವಿಮೆ. ಅಪಘಾತದಲ್ಲಿ ಅಥವಾ ಕಾಯಿಲೆಯಿಂದ ಸತ್ತರೆ ಆ ಬೆಲೆ ಸಿಗುತ್ತದೆ. ಕಾಲು ಮುರಿದು ಆಪರೇಷನ್ ಆಗಿ ನಾಯಿ ಬದುಕಿದರೆ ಏನೂ ಇಲ್ಲ. ದುಬಾರಿಯದ್ದು ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸೆಯ ಖರ್ಚಿನ ವಿಮೆ ಇರಬೇಕು. ಏಜೆಂಟರ ಮಾತಿನಲ್ಲಿ ಎರಡೂ ‘ಡಾಗ್ ಇನ್ಶೂರೆನ್ಸ್’ ಆದ್ದರಿಂದಲೇ ಜನ ಮೋಸ ಹೋಗುತ್ತಾರೆ.

ಲ್ಯಾಬ್ರಡಾರ್ ಸಿಕ್ಕಿದ್ದನ್ನೆಲ್ಲ ನುಂಗುವ ತಳಿ. ಬೇಸಿಗೆಯಲ್ಲಿ ಮಾವಿನ ಓಟೆ ನುಂಗಿ ಅದು ಕರುಳಲ್ಲಿ ಸಿಕ್ಕಿಕೊಳ್ಳುವುದು ಪಶುವೈದ್ಯರಿಗೆ ಹೊಸದಲ್ಲ. ಎರಡು ದಿನ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ಬಿಗಿ. ಆಮೇಲೆ ಎಕ್ಸ್‌ರೇ, ಸ್ಕ್ಯಾನಿಂಗ್, ಆಪರೇಷನ್, ನಾಲ್ಕೈದು ದಿನ ಡ್ರಿಪ್. ಲೆಕ್ಕ ತಿಳಿಯಲೆಂದು ಒಟ್ಟು ಬಿಲ್ 46,000 ಎಂದಿಟ್ಟುಕೊಳ್ಳೋಣ. ಅದರಲ್ಲಿ ವಿಶೇಷ ಆಹಾರ, ಕೊರಳ ಪಟ್ಟಿ, ಗಾಡಿ ಬಾಡಿಗೆ ಎಂದು 4,000 ಕಳೆದರೆ ಉಳಿಯುವುದು 42,000. ನಿಮ್ಮ ಪಾಲು 20% ಎಂದು ಪಾಲಿಸಿಯಲ್ಲಿದ್ದರೆ 8,400 ಹೋಗಿ 33,600. ಶಸ್ತ್ರಚಿಕಿತ್ಸೆಯ ಒಟ್ಟು ಖರ್ಚಿಗೆ 25,000ದ ಒಳಮಿತಿ (ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿ) ಬೇರೆ ಇದ್ದರೆ ಕೈಗೆ ಬರುವುದು 25,000 ಅಷ್ಟೇ. ವಿಮಾ ಮೊತ್ತ 40,000 ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿದ್ದರೂ ಈ ಒಳಮಿತಿ ಇರುವುದು ಒಳಗಿನ ಕೋಷ್ಟಕದಲ್ಲಿ. ಸಾವಿನ ವಿಮೆಯಲ್ಲಾದರೆ ಇದೇ ಬಿಲ್ಲಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ನಿಮ್ಮ ತಳಿಗೆ ಸಂಬಂಧಿಸಿದ ಇನ್ನೊಂದು ವಿಷಯ ಸೊಂಟದ ಕೀಲಿನ ದೋಷ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ. ಇದು ವಂಶದಿಂದ ಬರುವಂಥದ್ದು. ಅನುವಂಶಿಕ ಮತ್ತು ಹುಟ್ಟಿನಿಂದ ಬಂದ ದೋಷಗಳನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಆ ಸಾಲು ಇದೆಯೇ ಎಂದು ಲಿಖಿತವಾಗಿ ಕೇಳಿ, ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ನಮ್ಮ ಸಲಹೆ ಇಷ್ಟು: ಆಸ್ಪತ್ರೆ ಖರ್ಚಿನ ಮೊತ್ತ ದೊಡ್ಡದಿರಲಿ, ಸಾವಿನ ಮೊತ್ತ ಬಿಟ್ಟರೂ ಸರಿ. ಹೊರರೋಗಿ ಚಿಕಿತ್ಸೆಯ ಆ್ಯಡ್-ಆನ್‌ಗೆ ಹಣ ಕಟ್ಟುವ ಮುಂಚೆ ಕಳೆದ ವರ್ಷ ಕ್ಲಿನಿಕ್‌ಗೆ ಎಷ್ಟು ಕೊಟ್ಟಿರಿ ಎಂದು ಕೂಡಿ ನೋಡಿ. ಹೆಚ್ಚುವರಿ ಪ್ರೀಮಿಯಂಗಿಂತ ಅದು ಕಡಿಮೆಯಿದ್ದರೆ ಬೇಡ.

ಪ್ರಶ್ನೆ: ಪಾಲಿಸಿ ಮಾಡಿಸಿ ಮೂರು ತಿಂಗಳಾಗಿತ್ತು. ನಮ್ಮ ಒಂದೂವರೆ ವರ್ಷದ ನಾಯಿಗೆ ಪಾರ್ವೊ ಎಂಬ ವೈರಸ್ ರೋಗ ಬಂತು, ಆರು ದಿನ ದಾಖಲಿಸಿ ಉಳಿಸಿಕೊಂಡೆವು. ಲಸಿಕೆ ಐದು ವಾರ ತಡವಾಗಿತ್ತು ಎಂದು ಕ್ಲೇಮ್ ತಿರಸ್ಕರಿಸಿದ್ದಾರೆ. ಇದು ನ್ಯಾಯವೇ? – ಓದುಗರು, ಹುಬ್ಬಳ್ಳಿ

ನಾಯಿ ಉಳಿದದ್ದು ದೊಡ್ಡ ಸಮಾಧಾನ. ಪಾರ್ವೊ ತಗುಲಿದ ಎಲ್ಲ ನಾಯಿಗಳಿಗೂ ಆ ಅದೃಷ್ಟ ಇರುವುದಿಲ್ಲ.

ಕ್ಲೇಮ್ ವಿಷಯದಲ್ಲಿ ನಿಷ್ಠುರವಾಗಿ ಹೇಳಬೇಕು. ಪಾರ್ವೊ, ಡಿಸ್ಟೆಂಪರ್, ಲೆಪ್ಟೊಸ್ಪೈರೋಸಿಸ್, ರೇಬೀಸ್ ಇವೆಲ್ಲ ಲಸಿಕೆಯಿಂದ ತಡೆಯಬಹುದಾದ ರೋಗಗಳು. ಲಸಿಕೆ ಸಕಾಲಕ್ಕೆ ಆಗಿದ್ದರೆ ಮಾತ್ರ ಇವುಗಳ ಹೊಣೆ ತಮ್ಮದು ಎಂದು ಪಾಲಿಸಿಗಳು ಬರೆದಿರುತ್ತವೆ. ನಿಮ್ಮ ಪಾಲಿಸಿಯಲ್ಲೂ ಆ ಷರತ್ತು ಇದ್ದು ವಾರ್ಷಿಕ ಬೂಸ್ಟರ್ ನಿಜವಾಗಿ ದಾಟಿಹೋಗಿದ್ದರೆ ಗೆಲ್ಲುವುದು ಕಷ್ಟ.

ಆದರೂ ಒಮ್ಮೆ ಲಸಿಕೆ ಪುಸ್ತಕ ತೆರೆದು ನೋಡಿ. ಬಾಟಲಿಯ ಸ್ಟಿಕ್ಕರ್ ಅಂಟಿಸಿದ ಸಾಲಿನಲ್ಲಿ ಕೊಟ್ಟ ದಿನಾಂಕ, ಮುಂದಿನ ದಿನಾಂಕ, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಎಷ್ಟೋ ಸಲ ಲಸಿಕೆ ಆಗಿರುತ್ತದೆ, ಬರೆದಿರುವುದಿಲ್ಲ. ಇನ್ನು ಕೆಲವು ಸಲ ಬರೆದಿರುವುದು ರೇಬೀಸ್ ಲಸಿಕೆ ಮಾತ್ರ, ಪಾರ್ವೊ ಸೇರಿದ ಬಹುರೋಗ ಲಸಿಕೆಯ ಸಾಲು ಖಾಲಿ. ಕ್ಲಿನಿಕ್‌ನ ರಿಜಿಸ್ಟರಿನಲ್ಲಿ ದಾಖಲೆಯಿದ್ದರೆ ವೈದ್ಯರಿಂದ ಪ್ರಮಾಣಪತ್ರ ಪಡೆದು, ಯಾವ ಷರತ್ತಿನಡಿ ತಿರಸ್ಕರಿಸಿದಿರಿ ಎಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮರಿ ಇರುವವರು ಗಮನಿಸಿ: ಬಹುರೋಗ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ರೇಬೀಸ್ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲವೂ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ನಾಡ ನಾಯಿಗೆ ವಿಮೆ ಸಿಗುತ್ತದೆಯೇ? ಖರೀದಿ ರಸೀದಿ ಇಲ್ಲ, ವಯಸ್ಸೂ ಖಚಿತವಿಲ್ಲ. – ಓದುಗರು, ಶಿವಮೊಗ್ಗ

ಸಿಗುತ್ತದೆ. ನಾಡ ತಳಿ, ಮಿಶ್ರ ತಳಿ ನಾಯಿಗಳನ್ನು ಒಪ್ಪುವ ಕಂಪನಿಗಳಿವೆ. ವಯಸ್ಸನ್ನು ಪಶುವೈದ್ಯರು ಹಲ್ಲು ನೋಡಿ ಅಂದಾಜಿಸಿ ಬರೆದುಕೊಡುತ್ತಾರೆ. ಆರೇಳು ತಿಂಗಳಿಗೆ ಹಾಲುಹಲ್ಲು ಹೋಗಿ ಶಾಶ್ವತ ಹಲ್ಲು ಬಂದಿರುತ್ತವೆ, ಆಮೇಲೆ ಸವೆತ ನೋಡಿ ಹೇಳಬೇಕು. ಸಾವಿನ ವಿಮೆ ಇಲ್ಲಿ ಅರ್ಥವಿಲ್ಲದ್ದು, ಏಕೆಂದರೆ ಅದು ನಿಂತಿರುವುದು ಮಾರುಕಟ್ಟೆ ಬೆಲೆಯ ಮೇಲೆ. ಆಸ್ಪತ್ರೆ ಖರ್ಚು ಮತ್ತು ಮೂರನೆಯವರ ಹೊಣೆ (ನಾಯಿ ಬೇರೆಯವರಿಗೆ ಕಚ್ಚಿದರೆ ಕೊಡಬೇಕಾದ ಪರಿಹಾರ), ಈ ಎರಡನ್ನೇ ತೆಗೆದುಕೊಳ್ಳಿ.

ಒಂದೇ ಬಣ್ಣದ ನಾಡ ನಾಯಿಗಳನ್ನು ಫೋಟೊದಲ್ಲಿ ಗುರುತಿಸುವುದು ಕಷ್ಟ. ‘ವಿಮೆ ಮಾಡಿಸಿದ್ದು ಇದೇ ನಾಯಿ ಎಂಬುದಕ್ಕೆ ಪುರಾವೆ ಏನು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮೈಕ್ರೋಚಿಪ್ ಹಾಕಿಸಿ. ಅಕ್ಕಿಕಾಳಿನಷ್ಟು ದಪ್ಪ, ಎರಡು ಹೆಗಲ ನಡುವೆ ಚರ್ಮದಡಿ ಸೂಜಿಯಿಂದ ಹಾಕುತ್ತಾರೆ. ಅದರ 15 ಅಂಕಿಯ ಸಂಖ್ಯೆ ಪಾಲಿಸಿಯಲ್ಲಿ ತಪ್ಪಿಲ್ಲದೆ ನಮೂದಾಗಿದೆಯೇ ಎಂದು ಅಂಕಿ ಅಂಕಿ ಹೋಲಿಸಿ ನೋಡಿ. ಪಾಲಿಸಿ ಕೈಗೆ ಬಂದ ದಿನವೇ ಈ ಕೆಲಸ ಮುಗಿಸಿ.

ಪ್ರಶ್ನೆ: ನಮ್ಮ ನಾಯಿ ಡೆಲಿವರಿ ಹುಡುಗನಿಗೆ ಕಚ್ಚಿತು. ಖರ್ಚು ನಾವೇ ಕೊಟ್ಟೆವು. ಇಂಥದ್ದಕ್ಕೂ ವಿಮೆ ಇದೆಯೇ? – ಓದುಗರು, ಬೆಂಗಳೂರು

ಇದೆ, ಅದೇ ಮೂರನೆಯವರ ಹೊಣೆಯ ವಿಮೆ. ಅಪಾರ್ಟ್‌ಮೆಂಟ್‌ನಲ್ಲಿರುವವರು ಇದನ್ನು ಬಿಡಬಾರದು. ಕಚ್ಚಿಸಿಕೊಂಡವರಿಗೆ ನೀವು ಕಾನೂನು ಪ್ರಕಾರ ಕೊಡಬೇಕಾದ ಪರಿಹಾರವನ್ನು ಇದು ಭರಿಸುತ್ತದೆ. ಮನೆಯವರಿಗೆ, ಸಾಮಾನ್ಯವಾಗಿ ಮನೆಗೆಲಸದವರಿಗೆ ಕಚ್ಚಿದರೆ ಅನ್ವಯಿಸುವುದಿಲ್ಲ. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ದಂಡವನ್ನು ವಿಮೆ ಕಟ್ಟುವುದಿಲ್ಲ. ಕಂಪನಿಗೆ ತಿಳಿಸುವ ಮೊದಲೇ ‘ಇಷ್ಟು ಕೊಡುತ್ತೇವೆ’ ಎಂದು ಒಪ್ಪಿಕೊಂಡರೆ ಕ್ಲೇಮ್ ಕೆಡುತ್ತದೆ. ಹಾಗೆಂದು ಚಿಕಿತ್ಸೆ ತಡಮಾಡಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಚುಚ್ಚುಮದ್ದು ಶುರುಮಾಡಿಸಿ.

ಪ್ರಶ್ನೆ: ಬೆಕ್ಕಿಗೆ? – ಓದುಗರು, ಮಂಗಳೂರು

ಆಯ್ಕೆ ಕಡಿಮೆ. ಹಲವು ಪಾಲಿಸಿಗಳು ನಾಯಿಗೆ ಮಾತ್ರ. ಬೆಕ್ಕನ್ನೂ ಸೇರಿಸುವ ಪಾಲಿಸಿ ಸಿಕ್ಕರೆ, ಗಂಡು ಬೆಕ್ಕಾದರೆ ಮೂತ್ರ ಕಟ್ಟುವ ತೊಂದರೆಗೆ ರಕ್ಷಣೆ ಇದೆಯೇ ಎಂಬುದನ್ನು ಮೊದಲು ಕೇಳಿ.

ಪ್ರಶ್ನೆ: ಡೇರಿಯ ಮೂಲಕ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸುವಿಗೆ ವಿಮೆ ಮಾಡಿಸಿದ್ದೇವೆ. ಗೊಂತಿಗೆ ಉಜ್ಜಿ ಕಿವಿಯೋಲೆ (ಗುರುತಿನ ಸಂಖ್ಯೆಯ ಟ್ಯಾಗ್) ಬಿದ್ದುಹೋಗಿದೆ. ಹಸು ಚೆನ್ನಾಗಿಯೇ ಇದೆ, ಸುಮ್ಮನಿರಬಹುದೇ? – ಓದುಗರು, ಕೋಲಾರ

ಸುಮ್ಮನಿರಬೇಡಿ. ಓಲೆ ಇಲ್ಲದ ರಾಸಿಗೆ ಪರಿಹಾರವಿಲ್ಲ ಎಂಬುದು ರಾಸು ವಿಮೆಯ ಮೊದಲ ಷರತ್ತು. ಇವತ್ತೇ ಡೇರಿ ಕಾರ್ಯದರ್ಶಿಗೂ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ, ಪಶುವೈದ್ಯರಿಂದ ಹೊಸ ಓಲೆ ಹಾಕಿಸಿ. ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡೂ ಇರುವ ಪ್ರಮಾಣಪತ್ರ ಪಡೆದು, ಹೊಸ ಸಂಖ್ಯೆ ಪಾಲಿಸಿಗೆ ಸೇರಿದೆ ಎಂದು ಕಂಪನಿ ಕೊಡುವ ಹಿಂಬರಹ ಕೈಗೆ ಬರುವವರೆಗೆ ಬೆನ್ನು ಹತ್ತಿ. ಓಲೆ ಸಮೇತ ಹಸುವಿನ ಮುಖ ಕಾಣುವ ಫೋಟೊ ಒಂದು ಮೊಬೈಲಲ್ಲಿರಲಿ.

ಡೇರಿಯ ಗುಂಪು ವಿಮೆ ಇಲ್ಲದವರು ಪಶು ಆಸ್ಪತ್ರೆಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್‌ನ ವಿಮೆ ಕೇಳಿ. 2024ರ ಬದಲಾವಣೆಯ ನಂತರ ಅದರಲ್ಲಿ ರೈತರು ಕಟ್ಟುವುದು ಪ್ರೀಮಿಯಂನ 15% ಮಾತ್ರ, ಉಳಿದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ಹಸು ಸತ್ತರೆ ಮೊದಲು ಕಂಪನಿಗೆ ಫೋನ್ ಮಾಡಿ. ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಹೂಳಬೇಡಿ, ಓಲೆಯನ್ನು ನೀವಾಗಿ ಬಿಚ್ಚಬೇಡಿ. ವೈದ್ಯರು ಅದನ್ನು ಕಿವಿಯಲ್ಲೇ ನೋಡಬೇಕು.